ಹುಟ್ಟುಗುಣವೋ ಸಾಕಣೆಯೋ: ನಾಯಿಯ ಉಗ್ರಸ್ವಭಾವವನ್ನು ಕುರಿತ ಕೆಲವು ಚಾರಿತ್ರಿಕ ಸಾಕ್ಷ್ಯಗಳು

೨೦೨೪ನೆಯ ಇಸವಿ ಮಾರ್ಚಿ ೧೨ರಂದು ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆಯು ರಾಜ್ಯಗಳಿಗೆ ಒಂದು ಸುತ್ತೋಲೆಯನ್ನು ಕಳುಹಿಸಿತು. ೨೩ ತಳಿಗಳ ನಾಯಿಗಳು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದುವೆಂದೂ, ಅವುಗಳ ಆಮದು, ಸಂತಾನಾಭಿವೃದ್ಧಿ ಮತ್ತು ಮಾರಾಟವನ್ನು ತಡೆಯಬೇಕೆಂದೂ, ಈಗಾಗಲೇ ಮನೆಗಳಲ್ಲಿ ಇರುವವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದೂ ಅದರಲ್ಲಿ ಹೇಳಿತ್ತು. ಒಂದು ತಿಂಗಳು ತುಂಬುವುದರೊಳಗಾಗಿ, ಏಪ್ರಿಲ್ ೧೦ರಂದು, ಕರ್ನಾಟಕದ ಉಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಭಿಪ್ರಾಯವನ್ನು ಕೇಳದೆ ಅದನ್ನು ಹೊರಡಿಸಲಾಗಿದೆ ಎಂಬುದು ತೀರ್ಪಿನ ಮುಖ್ಯ ಕಾರಣ. ಕ್ರಮವರಿತು ಮತ್ತೆ ವಿಚಾರ ಮಾಡಲು ಸರ್ಕಾರಕ್ಕೆ ಅಡ್ಡಿಯಿಲ್ಲವೆಂದೂ ನ್ಯಾಯಾಲಯ ಹೇಳಿತು. ಹೀಗೆ ಕಾನೂನಿನ ಮಾತು ಒಂದು ನಿಲುಗಡೆಗೆ ಬಂದಿತಾದರೂ ಅದರ ಹಿಂದಿದ್ದ ಪ್ರಶ್ನೆ ನಿಂತಲ್ಲೇ ನಿಂತಿತು. ನಾಯಿ ಕಚ್ಚುವುದು ಅದರ ಹುಟ್ಟಿನಿಂದಲೋ ಅಥವಾ ಅದನ್ನು ಬೆಳೆಸಿದ ರೀತಿಯಿಂದಲೋ?

ಇದು ಪ್ರಾಣಿಶಾಸ್ತ್ರಜ್ಞರು ಬಿಡಿಸಬೇಕಾದ ಪ್ರಶ್ನೆಯೆಂದು ತೋರುವುದು ಸಹಜ. ಆದರೆ ‘ಈ ಜಾತಿಯ ನಾಯಿ ಉಗ್ರವಾದುದು’ ಎಂಬ ಮಾತಿಗೂ ಒಂದು ಚರಿತ್ರೆಯಿದೆ. ಅದು ಎಂದಿನಿಂದ, ಯಾರ ಬಾಯಲ್ಲಿ, ಯಾವ ಉದ್ದೇಶಕ್ಕಾಗಿ ಬಳಕೆಗೆ ಬಂದಿತೆಂಬುದನ್ನು ವಿಚಾರಿಸುವುದು ಚರಿತ್ರಕಾರನ ಕೆಲಸ. ಪ್ರಕೃತ ಲೇಖನದಲ್ಲಿ ನಾವು ಅಷ್ಟನ್ನು ಮಾತ್ರ, ಅದೂ ಬಹುಮಟ್ಟಿಗೆ ಕನ್ನಡನಾಡಿನ ಸಾಕ್ಷ್ಯಗಳನ್ನು ಆಧರಿಸಿ, ಪರಿಶೀಲಿಸಲು ಉದ್ದೇಶಿಸಿದ್ದೇವೆ.

ನಮ್ಮ ಜನರ ಗಾದೆಗಳು ಈ ವಿಷಯದಲ್ಲಿ ಎರಡು ಮಾತನಾಡುತ್ತವೆ. ‘ನಾಯಿ ಬಾಲ ಡೊಂಕು’ ಎಂದೂ ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದೂ ಹೇಳುವ ನಾಲಗೆಯೇ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದೂ ಕೇಳುತ್ತದೆ. ಮೊದಲಿನ ಎರಡು ಹುಟ್ಟಿನ ಪಕ್ಷ, ಕೊನೆಯದು ಸಾಕಣೆಯ ಪಕ್ಷ. ಗಾದೆಗಳಿಂದ ತೀರ್ಪು ದೊರೆಯುವ ಹಾಗಿಲ್ಲ. ವಾದ ಮಾತ್ರ ಬಹಳ ಹಳೆಯದೆಂದು ತಿಳಿಯುತ್ತದೆ. ಆದುದರಿಂದ ಕಲ್ಲಿನ ಮೇಲೆ ಬರೆದಿರುವ ಸಾಕ್ಷ್ಯಕ್ಕೆ ಬರೋಣ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನ ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ ೮೭೨, ಸೌಮ್ಯ ಸಂವತ್ಸರ, ಎಂದರೆ ಕ್ರಿ. ಶ. ೯೪೯-೫೦ರ ಕಾಲಕ್ಕೆ ಸೇರಿದ ಈ ಶಾಸನವನ್ನು ವಿದ್ವಾಂಸರು ಹೆಚ್ಚಾಗಿ ತಕ್ಕೋಲದ ಯುದ್ಧದ ಸಲುವಾಗಿ ಓದಿದ್ದಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರ ಮೇಲೆ ನಡೆಸಿದ ಆ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಇದಕ್ಕೆ ಮೆಚ್ಚಿ ಕೃಷ್ಣನು ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಇವುಗಳನ್ನು ಕೊಟ್ಟನು. ರಾಜಕೀಯ ಚರಿತ್ರೆಗೆ ಬೇಕಾದುದು ಇಷ್ಟು. ಆದರೆ ಕಲ್ಲು ನಿಂತದ್ದು ಇದಕ್ಕಾಗಿ ಅಲ್ಲವೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಆ ಕಲ್ಲು ನಿಂತದ್ದು ಒಂದು ನಾಯಿಗಾಗಿ.

ಬೂತುಗನ ಕಡೆಯ ವೀರನಾದ ಮಣಲೇರನು ಯುದ್ಧದಲ್ಲಿ ಮುಂದೆ ನಿಂತು ಕಾದಿದನು. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡು ಎಂದನು. ಆಗ ಮಣಲೇರನು ಬೇಡಿದ್ದು ಕಾಳಿ ಎಂಬ ಹೆಸರಿನ ನಾಯಿಯನ್ನು. ಬೂತುಗನು ಅದನ್ನು ಕೊಟ್ಟನು. ಅನಂತರ ಕೆಳಲೆನಾಡಿನ ಬೆಳತೂರಿನ ಪಶ್ಚಿಮದ ಗುಡ್ಡದಲ್ಲಿ ಒಂದು ಮಹಾವರಾಹದ ಮೇಲೆ ಕಾಳಿಯನ್ನು ಬಿಡಲಾಯಿತು. ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತುವು. ಇದರ ಜ್ಞಾಪಕಾರ್ಥವಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಒಳಗಾಗುವನೆಂದು ಕಟ್ಟಳೆಯನ್ನೂ ಮಾಡಿದರು. ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುವ ದೃಶ್ಯವನ್ನು ಕಲ್ಲಿನ ಮೇಲೆ ಕೆತ್ತಿದೆ.

ನಮ್ಮ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಈ ಶಾಸನದಲ್ಲಿ ಮೂರು ಸಂಗತಿಗಳು ಎದ್ದು ಕಾಣುತ್ತವೆ. ನಾಯಿಗೆ ಹೆಸರಿದೆ, ತಳಿಯಿಲ್ಲ. ಅದು ಯಾವ ದೇಶದ್ದು, ಯಾವ ಹೊಟ್ಟೆಯದ್ದು ಎಂಬ ಮಾತೇ ಇಲ್ಲ. ಅದೇ ಶಾಸನದಲ್ಲಿ ಮಣಲೇರನನ್ನು ಸಗರವಂಶದವನೆಂದೂ ವಳಭಿಯ ಒಡೆಯನೆಂದೂ ವರ್ಣಿಸಿರುವುದನ್ನು ನೋಡಿದರೆ, ವಂಶವನ್ನು ಹೇಳುವ ಅಭ್ಯಾಸ ಬರೆದವನಿಗೆ ಇರಲಿಲ್ಲವೆಂದು ಹೇಳುವಂತಿಲ್ಲ. ಎರಡನೆಯದಾಗಿ, ನಾಯಿಯನ್ನು ಕೊಟ್ಟವನು ಯಾರು, ಪಡೆದವನು ಯಾರು, ಯಾವ ಸ್ಥಳದಲ್ಲಿ ಯಾವುದರ ಮೇಲೆ ಬಿಡಲಾಯಿತು ಎಂಬುದು ಖಚಿತವಾಗಿ ದಾಖಲಾಗಿದೆ. ಮೂರನೆಯದಾಗಿ, ಅದರ ಉಗ್ರತೆಯು ಇಲ್ಲಿ ದೋಷವಲ್ಲ, ಗುಣ. ರಾಜಾದಿತ್ಯನನ್ನು ಕೊಂದ ಬೂತುಗನ ಶೌರ್ಯವೂ ಹಂದಿಯನ್ನು ಕೊಂದ ಕಾಳಿಯ ಶೌರ್ಯವೂ ಒಂದೇ ಕಲ್ಲಿನಲ್ಲಿ ಇವೆ. ಬಿಟ್ಟ ಕಡೆ ನುಗ್ಗಿ, ಹಿಡಿದುದನ್ನು ಬಿಡದೆ ಸಾಯುವುದು ಆಳಿಗೂ ನಾಯಿಗೂ ಸಮಾನವಾದ ಕೀರ್ತಿಯಾಗಿತ್ತು. ಇಂದು ಬೇಲಿ ಹಾರಿ ಮಗುವಿನ ಮೇಲೆ ನುಗ್ಗುವ ನಾಯಿಯಲ್ಲಿ ನಾವು ಭಯಪಡುವುದೂ ಇದೇ ಲಕ್ಷಣವನ್ನು. ಲಕ್ಷಣ ಒಂದೇ, ಬಿಟ್ಟವನೂ ಎದುರಿಗೆ ಸಿಕ್ಕಿದವನೂ ಬೇರೆ.

ಆದರೆ ಶಾಸನದ ಈ ಮೌನದಿಂದ ನಮ್ಮ ಪೂರ್ವಿಕರಿಗೆ ನಾಯಿಯ ಹುಟ್ಟಿನ ಕಲ್ಪನೆಯೇ ಇರಲಿಲ್ಲವೆಂದು ಹೇಳುವುದು ದುಡುಕಾದೀತು. ಸುಮಾರು ಎರಡು ಶತಮಾನಗಳ ತರುವಾಯ, ೧೧೩೦ರ ಆಸುಪಾಸಿನಲ್ಲಿ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ನಡುವೆ ಸಾರಮೇಯ ವಿನೋದಕ್ಕೂ ಒಂದು ಸ್ಥಾನ ದೊರೆತಿದೆ. ಅಲ್ಲಿ ಬೇಟೆನಾಯಿಗಳನ್ನು ಅವು ಹುಟ್ಟಿದ ದೇಶಗಳ ಮೇರೆಗೆ ಹೆಸರಿಸಿ ಲಕ್ಷಣ ಹೇಳಿದೆ. ಒಳ್ಳೆಯ ನಾಯಿ ಎಲ್ಲಿಂದ ಬರುತ್ತದೆ ಎಂಬ ವಿಚಾರ ಅರಮನೆಯ ಶಾಸ್ತ್ರದಲ್ಲಿ ಆಗಲೇ ಇತ್ತೆಂಬುದು ಇದರಿಂದ ಸ್ಪಷ್ಟ. ಕುದುರೆ, ಆನೆಗಳ ವಿಷಯದಲ್ಲಿಯೂ ದೇಶಭೇದವನ್ನು ಹೇಳುವುದು ಆ ಕಾಲದ ಶಾಸ್ತ್ರಗಳ ವಾಡಿಕೆ. ಆದರೆ ಇದು ಕೊಳ್ಳುವವನ ಜ್ಞಾನವೇ ಹೊರತು ದಂಡಿಸುವವನ ಜ್ಞಾನವಲ್ಲ. ಬೇಟೆಗೆ ಯಾವುದನ್ನು ಆರಿಸಬೇಕೆಂಬುದು ಅಲ್ಲಿನ ಚಿಂತೆ.

ಹುಟ್ಟಿನ ಮಾತು ಇಂದಿನ ಅರ್ಥದ ‘ತಳಿ’ಯಾಗಿ ಗಟ್ಟಿಗೊಳ್ಳುವುದನ್ನು ನೋಡಬೇಕಾದರೆ ನಾವು ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋಗಬೇಕು. ಘೋರ್ಪಡೆ ಮನೆತನದ ಮಾಲೋಜಿರಾವ್ ರಾಜೇಸಾಹೇಬರು ೧೯೦೦ರಿಂದ ೧೯೩೭ರವರೆಗೆ ಈ ಸಣ್ಣ ಸಂಸ್ಥಾನವನ್ನು ಆಳಿದರು. ಸುತ್ತಣ ಬೇಟೆಗಾರ ಜನರಲ್ಲಿ ಉದ್ದ ಕಾಲಿನ, ಸಣ್ಣ ನಡುವಿನ, ಮೊಲವನ್ನು ಕಣ್ಣಿನಿಂದ ಕಂಡು ಅಟ್ಟಿ ಹಿಡಿಯುವ ನಾಯಿಗಳಿದ್ದುವು. ಅರಸರು ಅವುಗಳಲ್ಲಿ ಆಸಕ್ತಿ ವಹಿಸಿ, ಆರಿಸಿ ಬೆಳೆಸಿ, ಒಂದು ಜೊತೆಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. ಅಲ್ಲಿಂದ ಮುಂದೆ ಅದು ‘ಮುಧೋಳ ನಾಯಿ’ ಎಂದು ಪ್ರಸಿದ್ಧವಾಯಿತು. ನಾಯಿ ಅರಸರಿಗಿಂತ ಹಳೆಯದು. ಹೆಸರು ಮಾತ್ರ ಇಪ್ಪತ್ತನೆಯ ಶತಮಾನದ್ದು. ೨೦೦೫ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನು ತಂದಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಸಂಶೋಧನಾ ಕೇಂದ್ರವಿದೆ. ೨೦೧೬ರಿಂದ ಸೈನ್ಯವೂ ಈ ನಾಯಿಗಳನ್ನು ಮೀರತ್ತಿನಲ್ಲಿ ಪಳಗಿಸತೊಡಗಿತು.

ಮುಧೋಳದ ನಾಯಿ ನಮ್ಮ ವಿಚಾರಕ್ಕೆ ಬಹಳ ಉಪಯುಕ್ತವಾದುದು, ಏಕೆಂದರೆ ಅದು ಎರಡು ಪಕ್ಷದವರಿಗೂ ಸ್ವಲ್ಪ ತೊಡಕನ್ನು ತರುತ್ತದೆ. ಓಡುವುದನ್ನು ಕಂಡರೆ ಅಟ್ಟುವುದು ಅದಕ್ಕೆ ಕಲಿಸಿ ಬಂದ ವಿದ್ಯೆಯಲ್ಲ. ತಲೆಮಾರುಗಳ ಆಯ್ಕೆಯಿಂದ ರಕ್ತಗತವಾದುದು. ಎಷ್ಟು ಗದರಿಸಿದರೂ ಆ ಸ್ವಭಾವ ಪೂರ್ತಿಯಾಗಿ ಅಳಿಯುವುದಿಲ್ಲ. ಅಪರಿಚಿತರು ಮುಟ್ಟುವುದನ್ನು ಸಹಿಸದ ಬಿಗುಮಾನವೂ ಅದರಲ್ಲಿ ಸಾಮಾನ್ಯ. ಸಾಕಣೆಯೇ ಸರ್ವಸ್ವವೆನ್ನುವವರು ಇದಕ್ಕೆ ಉತ್ತರ ಹೇಳಬೇಕು. ಆದರೆ ಮೊಲವನ್ನು ಕೊಲ್ಲುವ ಈ ಪ್ರಾಣಿಯೇ ಮನೆಯ ಮಕ್ಕಳ ಪಕ್ಕದಲ್ಲಿ ಮಲಗುತ್ತದೆ. ಬೇಟೆಯ ಆವೇಶವೂ ಮನುಷ್ಯನ ಮೇಲಿನ ದ್ವೇಷವೂ ಒಂದೇ ಅಲ್ಲ. ಈ ಎರಡನ್ನೂ ‘ಕ್ರೌರ್ಯ’ವೆಂಬ ಒಂದೇ ಮಾತಿನಲ್ಲಿ ಕಟ್ಟುವುದರಿಂದಲೇ ವಾದದ ಅರ್ಧ ಗೊಂದಲ ಹುಟ್ಟಿದೆಯೆಂದು ನಮ್ಮ ಭಾವನೆ.

ಇಲ್ಲಿ ಇನ್ನೊಂದು ಭೇದವನ್ನೂ ಗಮನಿಸಬೇಕು. ಬೇಟೆಗಾರನು ನಾಯಿಯನ್ನು ಆರಿಸಿದ್ದು ಅದರ ಕೆಲಸವನ್ನು ನೋಡಿ. ಓಡದ ನಾಯಿಯ ಮರಿ ಅವನಿಗೆ ಬೇಡ. ಆದರೆ ಇಂಗ್ಲೆಂಡಿನಲ್ಲಿ ೧೮೫೯ರಲ್ಲಿ ನ್ಯೂಕ್ಯಾಸಲ್ ಪಟ್ಟಣದಲ್ಲಿ ಮೊದಲ ನಾಯಿ ಪ್ರದರ್ಶನ ನಡೆದು, ೧೮೭೩ರಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾದ ಮೇಲೆ, ಕಿವಿಯ ಮಾಟ, ಬಾಲದ ಬಾಗು, ಮೈಬಣ್ಣ ಇವು ಆಯ್ಕೆಯ ಅಳತೆಗಳಾದುವು. ರೂಪಕ್ಕೆ ಬಹುಮಾನ, ವಂಶಾವಳಿಗೆ ದಫ್ತರು. ಇಂದು ‘ತಳಿ’ ಎಂದಾಗ ನಾವು ಹೇಳುವುದು ಬಹುಮಟ್ಟಿಗೆ ಈ ದಫ್ತರಿನ ತಳಿಯನ್ನೇ. ರೂಪವನ್ನು ನೋಡಿ ಆರಿಸಿದ ಪ್ರಾಣಿಯಿಂದ ಸ್ವಭಾವದ ಖಾತರಿಯನ್ನು ಕೇಳುವುದು ಎಷ್ಟು ಯುಕ್ತ?

ವಿಜ್ಞಾನಿಗಳ ಶೋಧನೆಗಳೂ ಈ ಭೇದದ ಕಡೆಗೇ ಬೊಟ್ಟು ಮಾಡುವಂತೆ ನಮಗೆ ತೋರುತ್ತದೆ. ಸೋವಿಯತ್ ದೇಶದ ಬೆಲ್ಯಾಯೆವ್ ಎಂಬ ವಿಜ್ಞಾನಿ ೧೯೫೯ರಲ್ಲಿ ನೊವೊಸಿಬಿರ್ಸ್ಕ್ ನಗರದಲ್ಲಿ ನರಿಗಳ ಮೇಲೆ ಪ್ರಯೋಗವನ್ನು ಆರಂಭಿಸಿದನು. ಸಾಧುತನವೊಂದನ್ನೇ ನೋಡಿ ಆರಿಸುತ್ತ ಹೋದುದರಿಂದ ಕೆಲವೇ ತಲೆಮಾರುಗಳಲ್ಲಿ ಕೈನೆಕ್ಕುವ ನರಿಗಳು ಹುಟ್ಟಿದುವು. ಉಗ್ರತೆಯನ್ನು ನೋಡಿ ಆರಿಸಿದ ಇನ್ನೊಂದು ಸಾಲಿನಲ್ಲಿ ಬೋನಿನ ಸರಳನ್ನು ಕಚ್ಚುವ ನರಿಗಳು. ಉಗ್ರ ತಾಯಿಯ ಭ್ರೂಣವನ್ನು ಸಾಧು ತಾಯಿಯ ಗರ್ಭದಲ್ಲಿ ಬೆಳೆಸಿದರೂ ಮರಿ ಉಗ್ರವೇ ಆಯಿತು. ಹುಟ್ಟಿನ ಪಕ್ಷಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಕ್ಕಲಾರದು. ಅದೇ ಕಾಲದಲ್ಲಿ ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಐದು ತಳಿಯ ನಾಯಿಗಳನ್ನು ಅನೇಕ ವರ್ಷ ಪರೀಕ್ಷಿಸಿ ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಳಿಭೇದವನ್ನು ಒಪ್ಪಿಕೊಂಡರು. ಜೊತೆಗೆ ಹುಟ್ಟಿದ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವು ಮರಿಯ ಬಾಳಿನಲ್ಲಿ ನಿರ್ಣಾಯಕವಾದುದೆಂದು ತೋರಿಸಿಕೊಟ್ಟರು. ಆ ಕಾಲದಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆದ ಮರಿ ಯಾವ ತಳಿಯದಾದರೂ ಕಾಡುಪ್ರಾಣಿಯಂತೆ ಮನುಷ್ಯರಿಗೆ ಹೆದರುತ್ತದೆ. ಹೆದರಿದ ನಾಯಿಯೇ ಅನೇಕ ವೇಳೆ ಕಚ್ಚುವ ನಾಯಿ. ೨೦೨೨ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ೧೮,೦೦೦ಕ್ಕಿಂತ ಹೆಚ್ಚು ನಾಯಿಗಳ ನಡವಳಿಕೆಯನ್ನು ಅವುಗಳ ಒಡೆಯರಿಂದ ಕೇಳಿ ತಿಳಿದು, ೨,೦೦೦ಕ್ಕೂ ಮಿಕ್ಕ ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿದರು. ಒಂದು ನಾಯಿಗೂ ಇನ್ನೊಂದು ನಾಯಿಗೂ ನಡವಳಿಕೆಯಲ್ಲಿ ಕಾಣುವ ಅಂತರದಲ್ಲಿ ತಳಿಯಿಂದ ವಿವರಿಸಬಹುದಾದ ಭಾಗ ಶೇಕಡಾ ೯ರಷ್ಟು ಮಾತ್ರವೆಂದು ಕಂಡುಬಂದಿತು. ಕೆರಳುವ ಸ್ವಭಾವವನ್ನು ತಳಿಯಿಂದ ಊಹಿಸುವುದಂತೂ ಬಹುಮಟ್ಟಿಗೆ ಅಸಾಧ್ಯವಾಯಿತು. ತಳಿಗಳ ಸರಾಸರಿಗಳನ್ನು ಹೋಲಿಸಿದ ೨೦೧೯ರ ಇನ್ನೊಂದು ಅಧ್ಯಯನದಲ್ಲಿ ಆನುವಂಶಿಕತೆಯ ಪಾಲು ಇದಕ್ಕಿಂತ ಎಷ್ಟೋ ಹೆಚ್ಚಾಗಿ ಕಂಡುದನ್ನೂ ಹೇಳಬೇಕು. ಎರಡೂ ನಿಜವಿರಬಹುದು. ಒಂದು ತಾಲ್ಲೂಕಿನ ಸರಾಸರಿ ಮಳೆಯಿಂದ ನಾಳೆ ನಮ್ಮ ಅಂಗಳದಲ್ಲಿ ಮಳೆ ಬೀಳುವುದೇ ಎಂಬುದನ್ನು ಹೇಳಲಾಗದಷ್ಟೆ.

ಹುಟ್ಟು ಲೆಕ್ಕಕ್ಕಿದೆ, ಆದರೆ ತಳಿಯ ಹೆಸರು ಹುಟ್ಟಿನ ನಿಜವಾದ ಅಳತೆಯಲ್ಲ. ಇದು ಕೇವಲ ನಾಯಿಯ ಮಾತಾಗಿದ್ದರೆ ನಾವು ಇಷ್ಟು ದೂರ ಬರುವ ಅಗತ್ಯವಿರಲಿಲ್ಲ. ಆದರೆ ಇದೇ ತರ್ಕವನ್ನು ನಮ್ಮ ನಾಡಿನಲ್ಲಿಯೇ ಮನುಷ್ಯರ ಮೇಲೆ ಪ್ರಯೋಗಿಸಿದ ಉದಾಹರಣೆಯಿದೆ. ಮನುಷ್ಯರನ್ನು ಪ್ರಾಣಿಗಳೊಡನೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಹಾಗೆ ನಡೆಸಿಕೊಂಡವರ ವಿಚಾರಸರಣಿಯನ್ನು ತೋರಿಸುವುದಷ್ಟೇ ಉದ್ದೇಶ. ೧೮೫೭ರಲ್ಲಿ ಸರ್ಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಪ್ರತಿಭಟಿಸಿದರು. ಊರನ್ನು ಸುಟ್ಟು, ೧೯ ಮಂದಿಯನ್ನು ಗಲ್ಲಿಗೇರಿಸಿದರು. ಬೇಟೆಯೇ ಬದುಕಾಗಿದ್ದವರ ಕೈಯಿಂದ ಆಯುಧ ಹೋದ ಮೇಲೆ ಬೇಟೆನಾಯಿಯ ಬೆಲೆ ಹೆಚ್ಚಿರಬೇಕೆಂದು ನಾವು ಊಹಿಸಬಹುದು. ಇದು ಊಹೆ ಮಾತ್ರ. ಊಹೆಯಲ್ಲದ ಸಂಗತಿ ಮುಂದಿನದು. ೧೮೭೧ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ಬಂದಿತು. ನೆಯ್ಗೆಯವನ ಮಗ ನೆಯ್ಗೆಯವನು, ಬಡಗಿಯ ಮಗ ಬಡಗಿ. ಅಂತೆಯೇ ಅಪರಾಧವೂ ಕುಲವೃತ್ತಿಯಾಗಿ ಇಳಿದುಬರುತ್ತದೆ ಎಂಬುದು ಅದನ್ನು ಸಮರ್ಥಿಸಿದವರ ವಾದ. ೧೯೧೧ರ ಕಾಯಿದೆಯ ಮೇಲೆ ಅದು ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿ, ವಿಜಾಪುರ, ಹುಬ್ಬಳ್ಳಿ, ಗದಗುಗಳಲ್ಲಿ ಇಂಥವರಿಗಾಗಿ ವಸಾಹತುಗಳು ಏರ್ಪಟ್ಟುವು. ಹರಣಶಿಕಾರಿಗಳೂ ಈ ಪಟ್ಟಿಗೆ ಸೇರಿದರು. ಹೆಸರೇ ಹೇಳುವಂತೆ ಜಿಂಕೆಯ ಬೇಟೆ ಅವರ ವೃತ್ತಿ. ಕಾಡು ಕೈತಪ್ಪಿ, ಬೇಟೆ ನಿಷಿದ್ಧವಾಗಿ, ಹೊಟ್ಟೆಗಿಲ್ಲದೆ ಅಲೆದವರ ನಡವಳಿಕೆಗೆ ಹುಟ್ಟೇ ಕಾರಣವೆಂದು ಬರೆದು, ಮಗು ಹುಟ್ಟುವ ಮೊದಲೇ ಅದಕ್ಕೆ ಅಪರಾಧಿಯೆಂಬ ಹೆಸರನ್ನು ಸಿದ್ಧಮಾಡಿ ಇಟ್ಟರು. ಆ ಕಾಯಿದೆ ೧೯೫೨ರಲ್ಲಿ ರದ್ದಾಯಿತು. ಹೆಸರಿನ ಕಲೆ ಅಷ್ಟು ಬೇಗ ತೊಳೆದುಹೋಗಲಿಲ್ಲ.

ಪಟ್ಟಿಗಳನ್ನು ಓದುವುದರಲ್ಲಿ ಚರಿತ್ರಕಾರನಿಗೆ ಸ್ವಲ್ಪ ಅಭ್ಯಾಸವಿರುತ್ತದೆ. ಆ ಕಣ್ಣಿನಿಂದ ೨೦೨೪ರ ಸುತ್ತೋಲೆಯ ಪಟ್ಟಿಯನ್ನು ನೋಡಿದರೆ ಕೆಲವು ವಿಚಿತ್ರಗಳು ತೋರಿಬರುತ್ತವೆ. ಜಪಾನಿನ ತೋಸಾ ನಾಯಿ ಅದರಲ್ಲಿ ಎರಡು ಬಾರಿ, ಬೇರೆ ಬೇರೆ ಹೆಸರಿನಿಂದ, ಬಂದಿದೆ. ‘ಟೆರಿಯರ್’ ಎಂಬ ಒಂದು ದೊಡ್ಡ ವರ್ಗವೇ, ಮೊಣಕಾಲೆತ್ತರದ ಮುದ್ದುನಾಯಿಗಳನ್ನೂ ಒಳಗೊಳ್ಳುವಂತೆ, ಒಂದೇ ಮಾತಿನಲ್ಲಿ ಸೇರಿಹೋಗಿದೆ. ನಮ್ಮ ದೇಶದ ಯಾವ ತಳಿಯ ಹೆಸರೂ ಇಲ್ಲ. ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಪಟ್ಟಿಯ ಕೊನೆಯ ಹೆಸರು, ‘ಬ್ಯಾನ್‌ಡಾಗ್’. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಕಟ್ಟಿಹಾಕಿದ ನಾಯಿ ಎಂದು ಅರ್ಥ. ಹಗಲೆಲ್ಲ ಸರಪಣಿಯಲ್ಲಿ ಬಿಗಿದು ಇರಿಸಿದ ಕಾವಲುನಾಯಿಗೆ ಆ ಹೆಸರಿತ್ತು. ಅದು ತಳಿಯ ಹೆಸರಾಗಿರಲಿಲ್ಲ, ಸಾಕಿದ ಬಗೆಯ ಹೆಸರಾಗಿತ್ತು. ಹುಟ್ಟನ್ನು ದೂರುವ ಪಟ್ಟಿಯೊಳಕ್ಕೆ ಸಾಕಣೆಯೇ ಹೀಗೆ ಯಾರಿಗೂ ತಿಳಿಯದಂತೆ ನುಸುಳಿ ಕುಳಿತಿದೆ.

ಈ ಹಳೆಯ ಅರ್ಥದ ‘ಬ್ಯಾನ್‌ಡಾಗ್’ ಅನ್ನು ನೋಡಲು ನಾವು ವಿಲಾಯತಿಗೆ ಹೋಗಬೇಕಾಗಿಲ್ಲ. ನಮ್ಮ ಜ್ಞಾನಭಾರತಿ ಆವರಣಕ್ಕೆ ತಾಗಿರುವ ಮಲ್ಲತ್ತಹಳ್ಳಿ ಹಿಂದೆ ಕೆರೆಯೂ ಹೊಲವೂ ಇದ್ದ ಹಳ್ಳಿ. ಹಳ್ಳಿಯ ನಾಯಿಗೆ ಊರೆಲ್ಲ ಪರಿಚಯ; ದನದ ಹಿಂದೆ ಹೋಗಿ ಸಂಜೆ ಬರುತ್ತಿದ್ದ ಅದಕ್ಕೆ ಅಪರಿಚಿತರೆಂಬವರು ಅಪರೂಪ. ಹೊಲಗಳು ಬಡಾವಣೆಗಳಾದ ಮೇಲೆ ಮೂವತ್ತು ನಲವತ್ತು ಅಡಿಯ ನಿವೇಶನಗಳಲ್ಲಿ ಮೂರು ನಾಲ್ಕು ಅಂತಸ್ತಿನ ಮನೆಗಳು ಎದ್ದುವು. ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಹಲಗೆ. ಒಳಗೆ ಕಾರಿನ ಪಕ್ಕದ ಎರಡು ಮಾರು ಜಾಗದಲ್ಲಿ ಸರಪಣಿಗೆ ಬಿಗಿದ ದೊಡ್ಡ ನಾಯಿ. ಮರಿಯಾಗಿದ್ದಾಗಿನಿಂದ ಅದು ನೋಡಿದ್ದು ಗೇಟಿನ ಕಂಬಿಗಳ ನಡುವೆ ಹಾದುಹೋಗುವ ಕಾಲುಗಳನ್ನು ಮಾತ್ರ. ಸರಪಣಿ ಕಿತ್ತ ದಿನ ಅದು ಏನಾದರೂ ಮಾಡಿದರೆ, ಮರುದಿನ ಎಲ್ಲರೂ ಕೇಳುವುದು ‘ಯಾವ ಜಾತಿಯ ನಾಯಿ?’ ಎಂದು. ಎಷ್ಟು ಉದ್ದದ ಸರಪಣಿ ಎಂದು ಯಾರೂ ಕೇಳುವುದಿಲ್ಲ.

ಇನ್ನು ಬೀದಿನಾಯಿಗಳ ವಿಷಯ. ೨೦೦೭ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ಇಬ್ಬರು ಎಳೆಯ ಮಕ್ಕಳು ನಾಯಿಗಳ ಹಿಂಡಿಗೆ ಸಿಕ್ಕಿ ಸತ್ತರು. ನಗರ ತಲ್ಲಣಿಸಿತು, ನಾಯಿಗಳನ್ನು ಗುಂಪುಗುಂಪಾಗಿ ಹಿಡಿದು ಕೊಂದರು. ಆ ನಾಯಿಗಳು ಯಾವ ಪಟ್ಟಿಯಲ್ಲಿಯೂ ಸೇರುವಂಥವಲ್ಲ, ಅವಕ್ಕೆ ತಳಿಯೇ ಇಲ್ಲ. ಅವುಗಳಿಗೆ ಒಡೆಯನೂ ಇಲ್ಲದ ಕಾರಣ ಸಾಕಣೆಯ ಹೊಣೆಯನ್ನು ಹೊರಿಸಲು ಒಂದು ಮನೆಯ ವಿಳಾಸವೂ ಸಿಕ್ಕಲಿಲ್ಲ. ಆದರೆ ಒಡೆಯನಿಲ್ಲದ ಮಾತ್ರಕ್ಕೆ ಅವು ಸಾಕಣೆಯಿಲ್ಲದೆ ಬೆಳೆದುವೆನ್ನಲಾಗದು. ಮಾಂಸದಂಗಡಿಯ ಕಸವನ್ನು ಖಾಲಿ ನಿವೇಶನದಲ್ಲಿ ಸುರಿದವರು, ಅದನ್ನು ವಾರಗಟ್ಟಲೆ ತೆಗೆಯದವರು, ಅಲ್ಲಿ ಹಿಂಡು ಕೂಡಿ ತಿನ್ನುವುದನ್ನೂ ತಮ್ಮ ಗಡಿಯನ್ನು ಕಾಯುವುದನ್ನೂ ಅವಕ್ಕೆ ಕಲಿಸಿದರು. ಬೀದಿನಾಯಿಗೆ ಬೀದಿಯೇ ಒಡೆಯ, ಮತ್ತು ಬೀದಿ ನಮ್ಮದು. ಮಗುವನ್ನು ಕಳೆದುಕೊಂಡ ತಾಯಿತಂದೆಗಳ ಮುಂದೆ ನಿಂತು ಇದನ್ನು ಹೇಳುವ ಧೈರ್ಯ ನಮಗಿಲ್ಲ. ಆದರೆ ಅವರಿಗೆ ಉತ್ತರ ಕೊಡಬೇಕಾದವರು ನಾಯಿಯ ವಂಶಕ್ಕಿಂತ ಹತ್ತಿರದಲ್ಲಿ ಇದ್ದಾರೆ.

೨೦೨೫ರ ನವೆಂಬರ್ ೭ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯಾಸಂಸ್ಥೆಗಳು, ಆಸ್ಪತ್ರೆಗಳು, ಬಸ್ ನಿಲ್ದಾಣಗಳು ಮೊದಲಾದ ಕಡೆಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯಗಳಿಗೆ ಸೇರಿಸಬೇಕೆಂದು ಆಜ್ಞೆ ಮಾಡಿತು. ವಿಶ್ವವಿದ್ಯಾನಿಲಯಗಳಿಗೂ ಇದು ಸಂಬಂಧಿಸಿದ್ದು. ಹಿಡಿಯುವ ಕೆಲಸ ಹೇಗೆ ನಡೆದರೂ, ಕಡಿತದ ಒಂದೊಂದು ಪ್ರಕರಣದಲ್ಲಿಯೂ ಬರೆದಿಡಬೇಕಾದ ವಿವರಗಳು ಕೆಲವಿವೆ: ನಾಯಿ ಯಾರ ಬಳಿ ಇತ್ತು, ಅದನ್ನು ಕಟ್ಟಿದ್ದರೋ ಬಿಟ್ಟಿದ್ದರೋ, ಏನು ತಿನ್ನುತ್ತಿತ್ತು, ಎಲ್ಲಿ, ಯಾರ ಎದುರಿನಲ್ಲಿ ಕೆರಳಿತು. ತಳಿಯ ಅಂಕಣವನ್ನು ತುಂಬಿ ಉಳಿದುದನ್ನು ಖಾಲಿ ಬಿಟ್ಟ ದಫ್ತರಿನಿಂದ ಮುಂದಿನವರಿಗೆ ತಿಳಿಯುವುದು ಬಹಳ ಕಡಮೆ. ಹತ್ತನೆಯ ಶತಮಾನದ ಆತಕೂರಿನ ಲಿಪಿಕಾರನು ಒಂದು ನಾಯಿಯ ವಿಷಯದಲ್ಲಿ ಇವುಗಳಲ್ಲಿ ಬಹುಪಾಲನ್ನು ಬರೆದಿಟ್ಟಿದ್ದಾನೆ.